222–0: ಒಂದು ಎಂಜಿನಿಯರಿಂಗ್ ಕಾಲೇಜಿನ ಫುಟ್‌ಬಾಲ್ ಸೀಸನ್

ಹೋದ ಸೆಮಿಸ್ಟರ್‌ನಲ್ಲಿ ನಾವು ಒಂದು ಫುಟ್‌ಬಾಲ್ ಪಂದ್ಯ 11–0ಯಿಂದ ಸೋತೆವು. ಎಲ್ಲಿ, ಯಾರ ಕೈಲಿ ಅಂತ ಇಲ್ಲಿ ಬರೆಯೋದಿಲ್ಲ, ಗೊತ್ತಿದ್ದವರಿಗೆ ಗೊತ್ತದ. ನಮ್ಮ ತಂಡದಲ್ಲಿ ಖರೇ ಫುಟ್‌ಬಾಲ್ ಆಡೋರು ಅವತ್ತು ಬಂದದ್ದು ಆರು ಮಂದಿ. ಉಳಿದವರಿಗೆ ಬ್ಯಾಕ್‌ಲಾಗ್ ಪರೀಕ್ಷೆ ಇತ್ತು. ಹೆಸರು ಕೊಟ್ಟು ಹೋಗದಿದ್ದರೆ ಡಿಪಾಸಿಟ್ ವಾಪಸ್ ಬರೋದಿಲ್ಲ ಅಂದಿದ್ದರು. ಅದಕ್ಕ ಹಾಸ್ಟೆಲ್‌ನಲ್ಲಿ ಖಾಲಿ ಮಲಗಿದ್ದವರನ್ನ ಎಬ್ಬಿಸಿಕೊಂಡು ಹೋಗಿದ್ದೆವು. ಗೋಲಿಗೆ ನಿಂತವನು ನಮ್ಮ ಚೆಸ್ ತಂಡದ ಹುಡುಗ.

ಸಂಜೆ ಸ್ಟೇಶನ್ ಬಜಾರಕ್ಕೆ ಬಂದು ಚಹಾ, ಮಿರ್ಚಿ ಭಜಿ ತಗೊಂಡು ಕೂತಾಗ ಒಬ್ಬ ಮೊಬೈಲ್ ತೆಗೆದ. ನಮಗಿಂತ ಹೀನಾಯವಾಗಿ ಸೋತ ಕಾಲೇಜು ಈ ಜಗತ್ತಿನಲ್ಲಿ ಒಂದಾದರೂ ಅದ ಏನು ಅಂತ ಹುಡುಕಿದ. ಸಿಕ್ಕಿತು. 222–0.

"ಏ, ಇದು ಕ್ರಿಕೆಟ್ ಸ್ಕೋರ್ ಅದ ನೋಡೋ," ಅಂದ ಪಕ್ಕದವ.

ಅಲ್ಲ, ಫುಟ್‌ಬಾಲೇ. 1916ರ ಅಕ್ಟೋಬರ್ 7, ಶನಿವಾರ. ಊರು ಅಮೆರಿಕದ ಅಟ್ಲಾಂಟಾ. ಗೆದ್ದದ್ದು ಒಂದು ಎಂಜಿನಿಯರಿಂಗ್ ಕಾಲೇಜು. ಸೋತವರು ಆ ಮೈದಾನಕ್ಕೆ ಯಾಕೆ ಬಂದಿದ್ದರು ಅನ್ನೋದನ್ನ ಓದಿದಾಗ ನಾವೆಲ್ಲ ಒಂದು ಸಲ ಒಬ್ಬರ ಮುಖ ಒಬ್ಬರು ನೋಡಿದೆವು. ಬರದಿದ್ದರೆ ದಂಡ ಕಟ್ಟಬೇಕಿತ್ತು!

ಅವತ್ತಿನಿಂದ ಈ ಪಂದ್ಯ ನಮ್ಮ ತಲೆಯಿಂದ ಹೋಗಿಲ್ಲ. ಓದುತ್ತಾ ಹೋದ ಹಾಗೆ, ಇದು ಬರೀ ಒಂದು ಪಂದ್ಯದ ಕಥೆ ಅಲ್ಲ, ಆ ವರ್ಷದ ಇಡೀ ಸೀಸನ್ ನೋಡಬೇಕು, ಅದೂ ನಾವು ಕಲಿಯುವ ಸ್ಟ್ಯಾಟಿಸ್ಟಿಕ್ಸ್ ಇಟ್ಟುಕೊಂಡು ನೋಡಬೇಕು ಅನ್ನಿಸಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಆಟದ ವಿಷಯ ಹೇಳಿಬಿಡ್ತೇವೆ. ನಾವು ಎನ್.ವಿ. ಮೈದಾನದಲ್ಲಿ ಒದೆಯುವ ಫುಟ್‌ಬಾಲ್ ಬೇರೆ, ಅಮೆರಿಕದವರು ಫುಟ್‌ಬಾಲ್ ಅನ್ನೋದು ಬೇರೆ. ಅವರದು ರಗ್ಬಿಯಿಂದ ಬೆಳೆದ ಆಟ. ಚೆಂಡು ಹೆಚ್ಚುಕಡಿಮೆ ಮೊಟ್ಟೆಯ ಆಕಾರ. ಅದನ್ನು ಕೈಯಲ್ಲಿ ಹಿಡಿದು ಓಡಬಹುದು, ಓಡುವವನನ್ನು ಹಿಡಿದು ಕೆಡವಬಹುದು. ಒಂದು ತಂಡದಲ್ಲಿ 11 ಜನ. ಮೈದಾನದ ಉದ್ದ 100 ಗಜ. ಕ್ರಿಕೆಟ್ ಪಿಚ್ 22 ಗಜ ಅಲ್ವಾ, ಅಂಥ ನಾಲ್ಕೂವರೆ ಪಿಚ್ಚು ಉದ್ದಕ್ಕೆ ಹಾಸಿದಷ್ಟು. ಚೆಂಡು ಯಾರ ಹತ್ತಿರ ಇದೆಯೋ ಆ ತಂಡಕ್ಕೆ ನಾಲ್ಕು ಅವಕಾಶ. ಒಂದೊಂದು ಅವಕಾಶಕ್ಕೂ 'ಡೌನ್' ಅಂತ ಹೆಸರು. ನಾಲ್ಕರೊಳಗೆ 10 ಗಜ ಮುಂದೆ ಹೋದರೆ ಮತ್ತೆ ಹೊಸದಾಗಿ ನಾಲ್ಕು ಸಿಗುತ್ತವೆ, ಇದು 'ಫಸ್ಟ್ ಡೌನ್'. ಹೋಗಲಿಕ್ಕೆ ಆಗದಿದ್ದರೆ ಚೆಂಡು ಎದುರಿನವರ ಪಾಲು. ಚೆಂಡು ಹಿಡಿದು ಕೊನೆಯ ಗೆರೆ ದಾಟಿದರೆ 'ಟಚ್‌ಡೌನ್', 6 ಅಂಕ. ಅದರ ಬೆನ್ನಿಗೇ ಒಂದು ಕಿಕ್. ಅದು ಗೋಲ್ ಕಂಬಗಳ ನಡುವೆ ಹೋದರೆ ಇನ್ನೊಂದು ಅಂಕ. ಅಂದ್ರೆ ಎಲ್ಲ ಸರಿ ಹೋದರೆ ಒಂದು ಸಲಕ್ಕೆ 7. ಇಷ್ಟು ಗೊತ್ತಿದ್ದರೆ ಸಾಕು, ಏಳರ ಮಗ್ಗಿ ನೆನಪಿದ್ದರೆ ಇನ್ನೂ ಒಳ್ಳೇದು.

ಈಗ ಇದನ್ನು ಓದುವಾಗ ಭಾಳ ಶಿಸ್ತಿನ ಆಟ ಅನ್ನಿಸಬಹುದು. ಇಪ್ಪತ್ತನೇ ಶತಮಾನ ಶುರುವಾದಾಗ ಹಾಗಿರಲಿಲ್ಲ. ಆಗ ಚೆಂಡನ್ನು ಮುಂದಕ್ಕೆ ಎಸೆಯುವ ಹಾಗಿರಲಿಲ್ಲ. ಮೂರು ಡೌನ್‌ನಲ್ಲಿ ಐದೇ ಗಜ ಹೋದರೆ ಸಾಕಿತ್ತು. ಹೀಗಾಗಿ ಎಲ್ಲರೂ ಒಬ್ಬರಿಗೊಬ್ಬರು ಅಂಟಿಕೊಂಡು, ಗುಂಪಾಗಿ ಎದುರಿನ ಗುಂಪಿಗೆ ಡಿಕ್ಕಿ ಹೊಡೆಯೋದೇ ಆಟ. ತಲೆಗೆ ಚರ್ಮದ ಟೋಪಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಕಾಲೇಜು ಆಟದಲ್ಲಿ ಹೆಲ್ಮೆಟ್ ಕಡ್ಡಾಯ ಆದದ್ದು 1939ರಲ್ಲಿ! 1905ರ ಒಂದೇ ಸೀಸನ್‌ನಲ್ಲಿ ದೇಶದಾದ್ಯಂತ 18 ಹುಡುಗರು ಈ ಆಟದಿಂದ ಸತ್ತರು ಅಂತ ಷಿಕಾಗೊ ಟ್ರಿಬ್ಯೂನ್ ಪತ್ರಿಕೆ ಲೆಕ್ಕ ಕೊಟ್ಟಿತ್ತು. ಆಗಿನ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಆ ಅಕ್ಟೋಬರ್‌ನಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಕಾಲೇಜುಗಳವರನ್ನು ಶ್ವೇತಭವನಕ್ಕೇ ಕರೆಸಿ ಮಾತಾಡಿದರು. ಮರುವರ್ಷ, 1906ರಲ್ಲಿ, ನಿಯಮ ಬದಲಾಯಿತು. ಚೆಂಡನ್ನು ಮುಂದಕ್ಕೆ ಎಸೆಯಬಹುದು ಅಂತ ಆಯ್ತು, ಐದು ಗಜ ಹೋಗಿ ಹತ್ತಾಯಿತು. 1912ರಲ್ಲಿ ನಾಲ್ಕನೇ ಡೌನ್ ಬಂತು, ಟಚ್‌ಡೌನ್‌ಗೆ ಐದಿದ್ದದ್ದು ಆರು ಅಂಕ ಆಯ್ತು.

ನಮ್ಮ ಕಥೆಯ ರಾಜ್ಯ ಜಾರ್ಜಿಯಾ. ಅಲ್ಲಂತೂ 1897ರಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಗ್ಯಾಮನ್ ಅನ್ನುವ ಆಟಗಾರ ಅಟ್ಲಾಂಟಾದ ಪಂದ್ಯದಲ್ಲಿ ಪೆಟ್ಟು ಬಿದ್ದು ತೀರಿಕೊಂಡಿದ್ದ. ಆಟವನ್ನೇ ನಿಷೇಧ ಮಾಡುವ ಮಸೂದೆ ವಿಧಾನಮಂಡಲದಲ್ಲಿ ಪಾಸಾಯಿತು. ಅದನ್ನು ತಡೆಯಲು ಪತ್ರ ಬರೆದದ್ದು ಯಾರು ಗೊತ್ತೇನು? ಆ ಹುಡುಗನ ತಾಯಿ. ಮಗನಿಗೆ ಪ್ರೀತಿ ಇದ್ದ ಆಟವನ್ನು ಅವನ ಹೆಸರಿನಲ್ಲಿ ನಿಲ್ಲಿಸಬೇಡಿ ಅಂತ ಕೇಳಿಕೊಂಡಳು. ಗವರ್ನರ್ ಸಹಿ ಹಾಕಲಿಲ್ಲ, ಮಸೂದೆ ಬಿದ್ದುಹೋಯಿತು. ಇದನ್ನು ಓದಿ ನಾವು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಅದೇ ಅಟ್ಲಾಂಟಾದಲ್ಲಿ ಜಾರ್ಜಿಯಾ ಟೆಕ್ ಅನ್ನುವ ಕಾಲೇಜಿತ್ತು, ಈಗಲೂ ಇದೆ. ನಮ್ಮಲ್ಲಿ ಎಂ.ಎಸ್. ಮಾಡಲಿಕ್ಕೆ ಹೋಗಬೇಕು ಅನ್ನುವವರ ಪಟ್ಟಿಯಲ್ಲಿ ಇದು ಇದ್ದೇ ಇರುತ್ತದೆ. 1888ರಲ್ಲಿ ಪಾಠ ಶುರು ಮಾಡಿದಾಗ ಅದರ ಹೆಸರು ಜಾರ್ಜಿಯಾ ಸ್ಕೂಲ್ ಆಫ್ ಟೆಕ್ನಾಲಜಿ. 1913ರಲ್ಲಿ ಅಲ್ಲಿಯ ಗ್ರಾಂಟ್ ಫೀಲ್ಡ್ ಮೈದಾನಕ್ಕೆ ಕಾಂಕ್ರೀಟ್ ಸ್ಟ್ಯಾಂಡ್ ಕಟ್ಟಿದಾಗ ವಿದ್ಯಾರ್ಥಿಗಳೇ ದುಡಿದರು. (ನಮ್ಮ ಸಿವಿಲ್ ಬ್ರ್ಯಾಂಚಿನವರು ಇದನ್ನ ಗಮನಿಸಬೇಕು.) ಇನ್ನೊಂದು ಮಾತೂ ಹೇಳಬೇಕು. ಆ ಕಾಲದ ಟೆಕ್‌ನಲ್ಲಿ ಬಿಳಿಯ ಗಂಡು ಹುಡುಗರಿಗೆ ಮಾತ್ರ ಜಾಗ. ಹುಡುಗಿಯರು ರೆಗ್ಯುಲರ್ ಕ್ಲಾಸಿಗೆ ಬಂದದ್ದು 1952ರಲ್ಲಿ, ಕಪ್ಪು ಜನಾಂಗದ ವಿದ್ಯಾರ್ಥಿಗಳು ಬಂದದ್ದು 1961ರಲ್ಲಿ. ನಮ್ಮ ಬಳಗದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅಲ್ಲಿ ಗೇಟಿನೊಳಗೇ ಬಿಡುತ್ತಿರಲಿಲ್ಲ ಅಂತಾಯ್ತು. ಹಾಂ, ಅರ್ಧ ಯಾಕೆ, ಎಲ್ಲರನ್ನೂ.

1904ರಿಂದ ಟೆಕ್ ತಂಡಕ್ಕೆ ಕೋಚ್ ಆಗಿದ್ದವರು ಜಾನ್ ಹೈಸ್ಮನ್. ಇವತ್ತು ಅಮೆರಿಕದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಇವರ ಹೆಸರಿನದೇ. ಬಿಡುವಿನಲ್ಲಿ ನಾಟಕ ಮಾಡುತ್ತಿದ್ದ ಮನುಷ್ಯ, ಶೇಕ್ಸ್‌ಪಿಯರ್ ಅಂದ್ರೆ ಪ್ರಾಣ. ಚೆಂಡನ್ನು ಮುಂದಕ್ಕೆ ಎಸೆಯಲು ಬಿಡಿ ಅಂತ ವರ್ಷಗಟ್ಟಲೆ ಬೆನ್ನು ಹತ್ತಿದವರಲ್ಲಿ ಇವರೂ ಒಬ್ಬರು. ಚೆಂಡು ಆಟಕ್ಕೆ ಬರುವ ಮುನ್ನ ಆಟಗಾರರು ಒಟ್ಟಿಗೇ ಜಿಗಿದು ಜಾಗ ಬದಲಿಸುವ ಒಂದು ಚಲನೆಯನ್ನೂ ಕಟ್ಟಿದ್ದರು, ಎದುರಿನವರಿಗೆ ಯಾವ ಕಡೆ ನುಗ್ಗುತ್ತಾರೆ ಅಂತ ತಿಳಿಯೋದರೊಳಗೆ ಕೆಲಸ ಮುಗಿದಿರುತ್ತಿತ್ತು. ಒಟ್ಟಿನಲ್ಲಿ ಬುದ್ಧಿವಂತ, ಲೆಕ್ಕದ ಮನುಷ್ಯ. ಇದನ್ನ ನೆನಪಿಡ್ರಿ.

ಟೆಕ್‌ಗೆ ಬೇಸ್‌ಬಾಲ್ ಕೋಚೂ ಹೈಸ್ಮನ್ನರೇ. 1916ರ ವಸಂತದಲ್ಲಿ ಟೆನ್ನೆಸ್ಸೀ ರಾಜ್ಯದ ಲೆಬನಾನ್ ಊರಿನ ಕಂಬರ್‌ಲ್ಯಾಂಡ್ ಕಾಲೇಜಿನವರು ಬೇಸ್‌ಬಾಲ್‌ನಲ್ಲಿ ಟೆಕ್ ತಂಡವನ್ನು 22–0ಯಿಂದ ಹೊಡೆದಿದ್ದರು. ಕಂಬರ್‌ಲ್ಯಾಂಡ್ ಸಣ್ಣ ಕಾಲೇಜು, ಹೆಸರು ಮಾಡಿದ್ದು ಕಾನೂನು ಓದಿಗೆ. ಮುಂದೆ ಅಮೆರಿಕದ ವಿದೇಶಾಂಗ ಮಂತ್ರಿಯಾಗಿ 1945ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಕಾರ್ಡೆಲ್ ಹಲ್ ಇಲ್ಲೇ ಲಾ ಓದಿದವರು. ಅಂಥಲ್ಲಿಯ ಹುಡುಗರು 22–0ಯಿಂದ ಗೆಲ್ಲೋದು ಹೇಗೆ? ಕೂಲಿಗೆ ಆಡುವ ವೃತ್ತಿಪರರನ್ನ ವಿದ್ಯಾರ್ಥಿಗಳು ಅಂತ ಇಳಿಸಿದ್ದರು ಅನ್ನುವ ಅನುಮಾನ ಹೈಸ್ಮನ್ನರಿಗೆ ಇತ್ತು ಅಂತ ಹೇಳುತ್ತಾರೆ. ಅವರು ಆ ಸೋಲನ್ನು ಮರೆಯಲಿಲ್ಲ.

ಅಷ್ಟರಲ್ಲಿ ಕಂಬರ್‌ಲ್ಯಾಂಡ್‌ನಲ್ಲಿ ಫುಟ್‌ಬಾಲ್ ತಂಡವನ್ನೇ ಮುಚ್ಚಿಬಿಟ್ಟರು. ಆದರೆ ಅಕ್ಟೋಬರ್‌ನಲ್ಲಿ ಅಟ್ಲಾಂಟಾಕ್ಕೆ ಬಂದು ಆಡುತ್ತೇವೆ ಅನ್ನುವ ಕರಾರು ಮೊದಲೇ ಆಗಿತ್ತು. ಬಂದರೆ ಖರ್ಚು ಕೊಟ್ಟು ಮೇಲೆ 500 ಡಾಲರ್. ಬರದಿದ್ದರೆ ಕಂಬರ್‌ಲ್ಯಾಂಡ್ 3,000 ಡಾಲರ್ ದಂಡ ಕಟ್ಟಬೇಕು. 1916ರಲ್ಲಿ 3,000 ಡಾಲರ್ ಅಂದ್ರೆ ಸಣ್ಣ ಕಾಲೇಜಿನ ಬುಡ ಅಲುಗಾಡಿಸುವ ಹಣ. ತಂಡ ಇಲ್ಲ ಬಿಡ್ರಿ ಅಂತ ಹೇಳಿ ನೋಡಿದರೂ ಹೈಸ್ಮನ್ ಬಿಡಲಿಲ್ಲ, ಕರಾರು ಕರಾರೇ.

ಇಲ್ಲಿ ಬರ್ತಾನೆ ಜಾರ್ಜ್ ಅಲೆನ್. ಕಂಬರ್‌ಲ್ಯಾಂಡ್‌ನ ವಿದ್ಯಾರ್ಥಿ, ತಂಡದ ಮ್ಯಾನೇಜರ್. ನಮಗೆ ಈ ಇಡೀ ಕಥೆಯಲ್ಲಿ ಹತ್ತಿರದವನು ಅನ್ನಿಸಿದ್ದು ಇವನೇ. ಕಾಲೇಜಿಗೆ ದಂಡ ಬೀಳಬಾರದು ಅಂತ ತನ್ನ ಗೆಳೆಯರನ್ನು, ಲಾ ಓದುವ ಹುಡುಗರನ್ನು ಹಿಡಿದು ಹಿಡಿದು ಒಂದು ತಂಡ ಅಂತ ಮಾಡಿದ. ಎಲ್ಲ ಸೇರಿ ಹದಿನೈದರ ಆಸುಪಾಸು ಮಂದಿ. ಅವರಲ್ಲಿ ಕೆಲವರಿಗೆ ಈ ಆಟವೇ ಸರಿಯಾಗಿ ಗೊತ್ತಿರಲಿಲ್ಲ. ರೈಲು ಹತ್ತಿ ಹೊರಟರು. ದಾರಿಯಲ್ಲಿ ನ್ಯಾಶ್‌ವಿಲ್‌ನಲ್ಲಿ ಇಳಿದು, ಅಲ್ಲಿಯ ವಾಂಡರ್‌ಬಿಲ್ಟ್ ಕಾಲೇಜಿನಿಂದ ನಾಲ್ಕು ಮಂದಿ ಆಟಗಾರರು ಸಿಗುತ್ತಾರೇನು ಅಂತ ನೋಡಿದರಂತೆ. ಸಿಗೋದು ಹಾಗಿರಲಿ, ತಮ್ಮವರೇ ಮೂವರು ಅಲ್ಲಿ ತಪ್ಪಿಸಿಕೊಂಡರು, ರೈಲು ಬಿಡುವಾಗ ಬರಲೇ ಇಲ್ಲ ಅಂತ ಒಂದು ಕಥೆ ಇದೆ. ನಮ್ಮ ಸ್ಟೇಶನ್ನಿನಲ್ಲಿ ಸೋಲಾಪುರದ ಕಡೆ ಹೋಗುವ ಗಾಡಿಗೆ ಕಾಯುತ್ತ ನಿಂತಾಗ ನಮಗೆ ಆ ಮೂವರ ನೆನಪಾಗುತ್ತದೆ. ಜಾಣರು.

ಪಂದ್ಯ ಹೇಗಿತ್ತು ಅಂತ ನಾಲ್ಕು ಅಂಕಿಯಲ್ಲಿ ಹೇಳಬಹುದು: 63, 63, 54, 42. ಒಂದೊಂದು ಕ್ವಾರ್ಟರ್‌ನಲ್ಲಿ ಟೆಕ್ ಹೊಡೆದ ಅಂಕ ಇವು. ಅರ್ಧ ಆಟಕ್ಕೆ 126–0. ಆ ಬಿಡುವಿನಲ್ಲಿ ಹೈಸ್ಮನ್ ತಮ್ಮ ಹುಡುಗರಿಗೆ, ಮೈಮರೆಯಬೇಡಿ, ಆ ಕಂಬರ್‌ಲ್ಯಾಂಡಿನವರು ಇನ್ನೂ ಏನು ಮುಚ್ಚಿಟ್ಟುಕೊಂಡಿದ್ದಾರೋ ಹೇಳಲಿಕ್ಕೆ ಬರೋದಿಲ್ಲ ಅಂದರಂತೆ. ನಾಟಕದವರಲ್ಲವೇ. ಎರಡನೇ ಅರ್ಧದ ಸಮಯವನ್ನು ಸ್ವಲ್ಪ ಕಡಿಮೆ ಮಾಡಿದರು ಅನ್ನೋದೊಂದೇ ಅವತ್ತು ತೋರಿಸಿದ ದಯೆ.

ಒಟ್ಟು 32 ಟಚ್‌ಡೌನ್. 32ನ್ನು 6ರಿಂದ ಗುಣಿಸಿದರೆ 192, ಅದಕ್ಕೆ ಕಿಕ್ಕಿನ 30 ಸೇರಿಸಿದರೆ 222. ಒಂದು ಗಂಟೆಯೂ ಪೂರ್ತಿ ನಡೆಯದ ಆಟದಲ್ಲಿ 32 ಅಂದ್ರೆ ಎರಡು ನಿಮಿಷ ಆಗೋದರೊಳಗೆ ಒಂದೊಂದು. ಇದರಲ್ಲೊಂದು ವಿಚಿತ್ರ ಇದೆ. ಆ ಪಂದ್ಯದಲ್ಲಿ ಎರಡೂ ತಂಡಗಳಿಗೆ ಒಂದೇ ಒಂದು ಫಸ್ಟ್ ಡೌನ್ ಇಲ್ಲ! ಕಂಬರ್‌ಲ್ಯಾಂಡಿಗೆ ನಾಲ್ಕರಲ್ಲಿ ಹತ್ತು ಗಜ ಹೋಗಲಿಕ್ಕೆ ಆಗಲಿಲ್ಲ. ಟೆಕ್‌ಗೆ ಫಸ್ಟ್ ಡೌನ್ ಬೇಕಾಗಲೇ ಇಲ್ಲ, ನಾಲ್ಕು ಅವಕಾಶ ಮುಗಿಯೋದರೊಳಗೆ ಗೆರೆ ದಾಟಿರುತ್ತಿದ್ದರು. ಅಷ್ಟು ವರ್ಷ ಹೋರಾಡಿ ಹೈಸ್ಮನ್ ತಂದ ಆ ಮುಂದಕ್ಕೆ ಎಸೆಯುವ ಪಾಸನ್ನು ಅವತ್ತು ಅವರ ಹುಡುಗರು ಒಂದು ಸಲವೂ ಬಳಸಲಿಲ್ಲ.

ಆಗಿನ ಇನ್ನೊಂದು ನಿಯಮ ಇಲ್ಲಿ ಹೇಳಬೇಕು. ಅಂಕ ಬಿಟ್ಟುಕೊಟ್ಟ ತಂಡ, ಮುಂದಿನ ಕಿಕ್ಕನ್ನು ತಾನು ಹೊಡೆಯೋದೋ, ಎದುರಿನವರ ಕಿಕ್ಕನ್ನು ತಾನು ಹಿಡಿಯೋದೋ ಅಂತ ಆರಿಸಬಹುದಿತ್ತು. ಕಂಬರ್‌ಲ್ಯಾಂಡ್ ಎಷ್ಟೋ ಸಲ ತಾವೇ ಕಿಕ್ ಹೊಡೆದು ಚೆಂಡನ್ನು ಟೆಕ್‌ಗೆ ಕೊಟ್ಟರು. ಮೊದಲ ಓದಿಗೆ ಹುಚ್ಚುತನ ಅನ್ನಿಸ್ತದ. ಆದರೆ ಯೋಚನೆ ಮಾಡಿದರೆ ಸರಿ ಅದ. ಚೆಂಡು ತಮ್ಮ ಹತ್ತಿರ ಇದ್ದಾಗ ಅವರು ಹಿಂದೆ ಹಿಂದೆ ತಳ್ಳಿಸಿಕೊಳ್ಳುತ್ತಿದ್ದರು, ಕೈ ಜಾರಿ ಬಿದ್ದರೆ ತಮ್ಮ ಗೆರೆಯ ಪಕ್ಕದಲ್ಲೇ ಟೆಕ್‌ಗೆ ಸಿಗುತ್ತಿತ್ತು. ಒದ್ದು ದೂರ ಕಳಿಸಿದರೆ ಟೆಕ್ ಹುಡುಗ ಅಷ್ಟು ದೂರದಿಂದಾದರೂ ಓಡಿ ಬರಬೇಕು. ಗೆಲುವು ಕೈಬಿಟ್ಟ ಮೇಲೆ ಉಳಿಯೋದು ಸಮಯ ಕಳೆಯುವ ಲೆಕ್ಕ. 7–0 ಆದ ಮೇಲೆ ನಾವೂ ಚೆಂಡನ್ನು ಕಾಂಪೌಂಡಿನ ಆಚೆಗೆ ಒದ್ದು, ತರಲಿಕ್ಕೆ ನಿಧಾನಕ್ಕೆ ಹೋಗಿದ್ದು ಇದೇ ಸಿದ್ಧಾಂತದ ಮೇಲೆ.

ಈ ಪಂದ್ಯದ ಸುತ್ತ ದಂತಕಥೆಗಳು ಭಾಳ. ಕಂಬರ್‌ಲ್ಯಾಂಡಿನ ಒಬ್ಬನ ಕೈಯಿಂದ ಚೆಂಡು ಜಾರಿ ಉರುಳಿತಂತೆ, ಎತ್ತಿಕೋ ಅಂತ ಕೂಗಿದರೆ ಪಕ್ಕದವನು, ಬೀಳಿಸಿದವನು ನೀನು, ನೀನೇ ಎತ್ತಿಕೋ ಅಂದನಂತೆ. ಟೆಕ್‌ನ ಸ್ಟ್ರಪರ್ ಅನ್ನುವ ಓಟಗಾರನಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ, ಆದರೂ ಅವನು ಆ ತಂಡದ ದೊಡ್ಡ ಆಟಗಾರ. ಅವನು ಒಂದು ಸಲ ಗೆರೆಯ ಹತ್ತಿರ ಬಂದು ನಿಂತು, ಎಂದೂ ಟಚ್‌ಡೌನ್ ಮಾಡದ ಒಬ್ಬ ದಪ್ಪ ಗೆಳೆಯನಿಗೆ ಸಿಗಲಿ ಅಂತ ಚೆಂಡನ್ನು ನೆಲಕ್ಕಿಟ್ಟನಂತೆ. ಎಷ್ಟು ಖರೇ, ಎಷ್ಟು ಸುಳ್ಳು ದೇವರೇ ಬಲ್ಲ. ಹೇಳಿ ಹೇಳಿ ಚಂದ ಆಗಿರಬೇಕು. ನಮ್ಮ 11–0 ಕಥೆಯೂ ಹಾಸ್ಟೆಲ್‌ನಲ್ಲಿ ಈಗ ಮೂರು ರೂಪದಲ್ಲಿ ಓಡಾಡುತ್ತಿದೆ, ಒಂದರಲ್ಲಿ ರೆಫ್ರಿ ನಮ್ಮ ಗೋಲಿಯನ್ನು ಸಮಾಧಾನ ಮಾಡ್ತಾನೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಹೈಸ್ಮನ್ ಹೀಗೆ ಯಾಕೆ ಮಾಡಿದರು? ಒಂದು ಕಾರಣ ಆ ಬೇಸ್‌ಬಾಲ್ ಸೇಡು. ಇನ್ನೊಂದು ಕಾರಣವನ್ನೂ ಹೇಳುತ್ತಾರೆ, ನಮಗೆ ಆಸಕ್ತಿ ಹುಟ್ಟಿದ್ದು ಇದರಲ್ಲೇ. ಆಗ ಕಾಲೇಜು ತಂಡಗಳಿಗೆ ಒಂದೇ ಲೀಗ್ ಇರಲಿಲ್ಲ. ಒಬ್ಬೊಬ್ಬರು ಒಬ್ಬೊಬ್ಬರ ಜೊತೆ ಆಡುತ್ತಿದ್ದರು. ಹೀಗಾಗಿ ಯಾರು ದೊಡ್ಡ ತಂಡ ಅಂತ ನಿರ್ಧಾರ ಮಾಡುವಾಗ ಪತ್ರಿಕೆಯವರು ಸೀಸನ್‌ನಲ್ಲಿ ಹೊಡೆದ ಒಟ್ಟು ಅಂಕ ಕೂಡಿಸಿ ನೋಡುತ್ತಿದ್ದರು. ಎದುರಿಗೆ ಯಾರಿದ್ದರು ಅನ್ನೋದು ಲೆಕ್ಕಕ್ಕಿಲ್ಲ. ಇದು ಅರ್ಥವಿಲ್ಲದ ಅಳತೆ ಅಂತ ಹೈಸ್ಮನ್ನರ ವಾದ. ದುರ್ಬಲ ತಂಡ ಸಿಕ್ಕರೆ ಎಷ್ಟು ಬೇಕಾದರೂ ಕೂಡಿಸಬಹುದು, ನೋಡ್ರಿ ಬೇಕಾದರೆ, ಅಂತ ಮಾಡಿ ತೋರಿಸಿದರು ಅನ್ನುತ್ತಾರೆ.

ಹಾಗಾದರೆ ಆ ವಾದವನ್ನು ಪರೀಕ್ಷೆ ಮಾಡಿಯೇ ನೋಡೋಣ ಅಂತ ನಾವು 1916ರ ಟೆಕ್ ಸೀಸನ್ ಪೂರ್ತಿ ಬರೆದುಕೊಂಡೆವು. ಒಂಬತ್ತು ಪಂದ್ಯ. ಮರ್ಸರ್ ವಿರುದ್ಧ 61–0. ಕಂಬರ್‌ಲ್ಯಾಂಡ್ ವಿರುದ್ಧ 222–0. ಡೇವಿಡ್‌ಸನ್ ವಿರುದ್ಧ 9–0. ನಾರ್ತ್ ಕ್ಯಾರೊಲೈನಾ ವಿರುದ್ಧ 10–6. ವಾಷಿಂಗ್ಟನ್ ಆಂಡ್ ಲೀ ಕಾಲೇಜಿನ ಜೊತೆ 7–7, ಇದೊಂದು ಸಮ. ಟುಲೇನ್ ವಿರುದ್ಧ 45–0, ಅಲಬಾಮಾ 13–0, ಜಾರ್ಜಿಯಾ 21–0, ಆಬರ್ನ್ 33–7. ಎಂಟು ಗೆಲುವು, ಒಂದು ಸಮ, ಸೋಲಿಲ್ಲ. ಒಟ್ಟು ಅಂಕ 421, ಕೊಟ್ಟದ್ದು 20.

421ನ್ನು 9ರಿಂದ ಭಾಗಿಸಿದರೆ ಸರಾಸರಿ 46.8. ಈಗ ಹೇಳ್ರಿ, ಈ ತಂಡ ಒಂದು ಪಂದ್ಯಕ್ಕೆ ಸುಮಾರು 47 ಅಂಕ ಹೊಡೆಯುತ್ತಿತ್ತು ಅಂದರೆ ನಂಬುವ ಹಾಗಿದೆಯಾ? ಒಂಬತ್ತರಲ್ಲಿ ಏಳು ಪಂದ್ಯ ಸರಾಸರಿಗಿಂತ ಕೆಳಗೆ! ಸರಾಸರಿ ದಾಟಿದ್ದು ಮರ್ಸರ್ ಮತ್ತು ಕಂಬರ್‌ಲ್ಯಾಂಡ್ ಎರಡೇ. ಸ್ಟ್ಯಾಂಡರ್ಡ್ ಡೀವಿಯೇಷನ್ ತೆಗೆದರೆ 64 ಬರುತ್ತದೆ, ಸರಾಸರಿಗಿಂತಲೇ ದೊಡ್ಡದು. ಕ್ಲಾಸಿನಲ್ಲಿ ಇಂಥ ಉತ್ತರ ಬಂದರೆ ಎಲ್ಲೋ ತಪ್ಪಾಗಿದೆ ಅಂತ ಮತ್ತೆ ಮೊದಲಿನಿಂದ ಮಾಡ್ತೇವೆ. ಇಲ್ಲಿ ತಪ್ಪಿಲ್ಲ, ಒಂದೇ ಒಂದು ಸಂಖ್ಯೆ ಎಲ್ಲವನ್ನೂ ತನ್ನ ಕಡೆ ಎಳೆದಿದೆ ಅಷ್ಟೇ.

ಇನ್ನು ಮೀಡಿಯನ್ ನೋಡೋಣ. ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟರೆ 7, 9, 10, 13, 21, 33, 45, 61, 222. ನಟ್ಟನಡುವೆ ಇರೋದು 21. ಇದು ನಂಬುವ ಅಂಕಿ. ಇದರಲ್ಲೊಂದು ಮಜಾ ನೋಡ್ರಿ. ಅವತ್ತು ಅರ್ಧ ಆಟಕ್ಕೇ, 126–0 ಇದ್ದಾಗಲೇ ನಿಲ್ಲಿಸಿ ಎಲ್ಲರೂ ಮನೆಗೆ ಹೋಗಿದ್ದರೆ ಏನಾಗುತ್ತಿತ್ತು? ಸರಾಸರಿ 46.8ರಿಂದ 36.1ಕ್ಕೆ ಇಳಿಯುತ್ತಿತ್ತು. ಮೀಡಿಯನ್? 21ಕ್ಕೆ 21. ಮೊದಲ ಕ್ವಾರ್ಟರಿಗೇ, 63–0ಗೇ ನಿಲ್ಲಿಸಿದ್ದರೂ ಅದೇ 21. ಅಂದ್ರೆ ಆಮೇಲೆ ಹೊಡೆದ ಆ 159 ಅಂಕಗಳಿಂದ ಆ ತಂಡ ಎಷ್ಟು ಒಳ್ಳೇದು ಅನ್ನುವ ವಿಷಯದಲ್ಲಿ ಯಾರಿಗೂ ಹೊಸದೇನೂ ತಿಳಿಯಲಿಲ್ಲ.

ಹೋಲಿಕೆಗೆ ನಮ್ಮ ದೇಶದ್ದೇ ಒಂದು ಸೀಸನ್ ತಗೊಳ್ಳೋಣ. ಅದಕ್ಕಿಂತ ಐದು ವರ್ಷ ಮೊದಲು, 1911ರ ಜುಲೈನಲ್ಲಿ, ಕಲ್ಕತ್ತೆಯಲ್ಲಿ ಮೋಹನ್ ಬಗಾನ್ ತಂಡ ಐ.ಎಫ್.ಎ. ಶೀಲ್ಡ್ ಗೆದ್ದಿತು. ಒಬ್ಬನನ್ನು ಬಿಟ್ಟರೆ ಉಳಿದ ಹತ್ತು ಮಂದಿ ಬರಿಗಾಲಲ್ಲಿ ಆಡಿ, ಬೂಟಿನ ಬ್ರಿಟಿಷ್ ಸೈನಿಕರ ತಂಡಗಳನ್ನು ಸೋಲಿಸಿದ್ದು ಎಲ್ಲರಿಗೂ ಗೊತ್ತು. ಅವರ ಮೊದಲ ಪಂದ್ಯ ಒಂದು ಕಾಲೇಜು ತಂಡದ ಮೇಲೆ, ಸೇಂಟ್ ಝೇವಿಯರ್ಸ್, 3–0. ಆಮೇಲೆ 2–1, 1–0, 1–1, ಆ ಸಮವಾದ ಪಂದ್ಯ ಮತ್ತೆ ಆಡಿ 3–0, ಫೈನಲ್‌ನಲ್ಲಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟ್ ಮೇಲೆ 2–1. ಆರು ಪಂದ್ಯ, 12 ಗೋಲು. ಸರಾಸರಿ 2, ಮೀಡಿಯನ್ ಕೂಡ 2. ಆ ಎರಡು ಅಂಕಿ ಒಂದೇ ಆಗಿರೋದು ನೋಡಿ ನಮಗೆ ಒಂಥರಾ ಖುಷಿಯಾಯಿತು. ಎರಡೂ ಬೇರೆ ಬೇರೆ ಆಟ, ಗೋಲಿಗೂ ಅಂಕಕ್ಕೂ ಹೋಲಿಕೆ ಇಲ್ಲ ಅಂತ ಗೊತ್ತದ. ಆದರೆ ಯಾವ ಸೀಸನ್‌ನಲ್ಲಿ ಪ್ರತಿ ಪಂದ್ಯವೂ ಪಂದ್ಯವಾಗಿತ್ತು ಅನ್ನೋದು ಈ ಲೆಕ್ಕದಲ್ಲಿ ಕಾಣುತ್ತದೆ. (ಆಗ ನಮ್ಮ ಕಲಬುರಗಿ ನಿಜಾಮರ ರಾಜ್ಯದಲ್ಲಿತ್ತು, ರೈಲಿತ್ತು, ಆದರೆ ಉಸ್ಮಾನಿಯಾ ವಿಶ್ವವಿದ್ಯಾಲಯ ಕೂಡ ಇನ್ನೂ ಹುಟ್ಟಿರಲಿಲ್ಲ, ಅದು 1918ರದ್ದು. ಕಲಬುರಗಿಗೆ ಎಂಜಿನಿಯರಿಂಗ್ ಕಾಲೇಜು ಬಂದದ್ದು 1958ರಲ್ಲಿ.)

ಹಾಗಾದರೆ ಹೈಸ್ಮನ್ ಹೇಳಿದ್ದು ಸರಿಯಾ? ಲೆಕ್ಕ ಸರಿ. ಅದರಲ್ಲಿ ಎರಡು ಮಾತಿಲ್ಲ. ಒಟ್ಟು ಅಂಕ ನೋಡಿ ತಂಡ ಅಳೆಯಬೇಡಿ ಅನ್ನೋದಕ್ಕೆ ಅವರದೇ ತಂಡದ ಮುಂದಿನ ಪಂದ್ಯ ಸಾಕ್ಷಿ. 222 ಹೊಡೆದವರು ಡೇವಿಡ್‌ಸನ್ ಮೇಲೆ ಹೊಡೆದದ್ದು 9. ಅದರ ಮುಂದಿನದು 10–6, ಅದರ ಮುಂದಿನದು ಸಮ. ಆದರೆ ಇದನ್ನ ತೋರಿಸಲಿಕ್ಕೆ ಒಂದು ಹಾಳೆ, ಒಂದು ಪೆನ್ಸಿಲ್ ಸಾಕಿತ್ತು. ನಮ್ಮಲ್ಲಿ ಈ ಬಗ್ಗೆ ಒಮ್ಮತ ಇಲ್ಲ ಅಂತ ಹೇಳಿಬಿಡ್ತೇವೆ. ಇಬ್ಬರ ಪ್ರಕಾರ, ಪತ್ರಿಕೆಯವರು ಹಾಳೆ ಓದೋದಿಲ್ಲ, 222 ಅಂದರೆ ಓದುತ್ತಾರೆ, ನೂರು ವರ್ಷ ದಾಟಿದರೂ ನಾವು ಭಜಿ ತಿನ್ನುತ್ತ ಓದಲಿಲ್ಲವೇ. ಉಳಿದವರಿಗೆ ಅದು ಒಪ್ಪಿಗೆಯಿಲ್ಲ. ಅಂಕಿಗಳಿಗೆ ಬುದ್ಧಿ ಹೇಳಲು ಹೋಗಿ, ಕರಾರಿಗೆ ಸಿಕ್ಕಿಕೊಂಡು ಬಂದ ಹದಿನೈದು ಹುಡುಗರನ್ನು ಅಂಕಿ ಮಾಡಿಬಿಟ್ಟರು ಅನ್ನೋದು ನಮ್ಮ ಗೋಲಿಯ ಮಾತು. ಅವನು ಹನ್ನೊಂದು ಸಲ ಬಲೆಯಿಂದ ಚೆಂಡು ತೆಗೆದವನು, ಅವನ ಮಾತಿಗೆ ನಾವು ಸ್ವಲ್ಪ ಹೆಚ್ಚು ತೂಕ ಕೊಡ್ತೇವೆ.

ಮುಂದೇನಾಯಿತು ಅನ್ನೋದನ್ನ ಬೇಗ ಹೇಳ್ತೇವೆ. 1917ರಲ್ಲಿ ಟೆಕ್ ಒಂಬತ್ತಕ್ಕೆ ಒಂಬತ್ತೂ ಗೆದ್ದಿತು, 491 ಹೊಡೆದು 17 ಕೊಟ್ಟಿತು. ದಕ್ಷಿಣದ ರಾಜ್ಯಗಳಿಂದ ರಾಷ್ಟ್ರೀಯ ಚಾಂಪಿಯನ್ ಅನ್ನಿಸಿಕೊಂಡ ಮೊದಲ ತಂಡ ಅದು. ಪೆನ್ಸಿಲ್ವೇನಿಯಾದಂಥ ದೊಡ್ಡ ತಂಡದ ಮೇಲೂ 41–0. ಆ ಹೊತ್ತಿಗೆ ಅಮೆರಿಕ ಮಹಾಯುದ್ಧಕ್ಕೆ ಇಳಿದಿತ್ತು. ನಿಜವಾಗಿ ದೊಡ್ಡ ಸೀಸನ್ ಅದೇ, ಆದರೆ ಟೆಕ್‌ನ ಹೆಸರು ಹೇಳಿದರೆ ಜನ ಕೇಳೋದು 222ನ್ನೇ. 2014ರಲ್ಲಿ ಆ ಪಂದ್ಯದ ಚೆಂಡು ಹರಾಜಿಗೆ ಬಂದು 40,000 ಡಾಲರ್‌ಗೂ ಹೆಚ್ಚಿಗೆ ಹೋಯಿತು, ಕೊಂಡವರು ಅದನ್ನ ಟೆಕ್‌ಗೇ ಕೊಟ್ಟರು. ಒಂದು ಚೆಂಡಿನ ಬೆಲೆ ಆ ದಂಡಕ್ಕಿಂತ ಹದಿಮೂರು ಪಟ್ಟು.

ಜಾರ್ಜ್ ಅಲೆನ್ ಏನಾದ ಅಂತ ನಮಗೆ ಕುತೂಹಲ ಇತ್ತು. ಅವನು ವಾಷಿಂಗ್ಟನ್ ಸೇರಿ ದೊಡ್ಡ ಮನುಷ್ಯನಾದ. ಟ್ರೂಮನ್, ಐಸೆನ್‌ಹೋವರ್ ಇಬ್ಬರು ಅಧ್ಯಕ್ಷರಿಗೂ ಗೆಳೆಯ. 1946ರಲ್ಲಿ ಟ್ರೂಮನ್ ಅವನನ್ನು ದೇಶದ ಬ್ಯಾಂಕುಗಳಿಗೂ ಉದ್ಯಮಗಳಿಗೂ ಸಾಲ ಕೊಡುವ ಸರಕಾರಿ ಸಂಸ್ಥೆಯ ನಿರ್ದೇಶಕ ಮಂಡಳಿಗೆ ಹಾಕಿದರು. ಕಾಲೇಜಿನ 3,000 ಡಾಲರ್ ಉಳಿಸಲು ರೈಲು ತುಂಬಾ ಗೆಳೆಯರನ್ನು ಹೊಡೆತಕ್ಕೆ ಕರಕೊಂಡು ಹೋದ ಹುಡುಗನಿಗೆ ಸರಿಯಾದ ಕೆಲಸ ಅಂತ ನಮ್ಮ ಅಭಿಪ್ರಾಯ. 1950ರಲ್ಲಿ ತಾನು ಕಂಡ ಅಧ್ಯಕ್ಷರ ಬಗ್ಗೆ ಒಂದು ತಮಾಷೆಯ ಪುಸ್ತಕವನ್ನೂ ಬರೆದ.

ನಾವು ಬರುವ ತಿಂಗಳು ಮತ್ತೆ ಒಂದು ಟೂರ್ನಮೆಂಟಿಗೆ ಹೆಸರು ಕೊಟ್ಟಿದ್ದೇವೆ. ಗೋಲಿಗೆ ಅದೇ ಚೆಸ್ ಹುಡುಗ, ಅವನೇ ಕೇಳಿ ನಿಂತಿದ್ದಾನೆ. ಈ ಸಲ ಡಿಪಾಸಿಟ್ ಇಲ್ಲ, ಮೊದಲೇ ಕೇಳಿಕೊಂಡಿದ್ದೇವೆ.